ಚಿಕ್ಕಪ್ಪನ ಫೋನಿಗೆ ಹಾಲು ತುಪ್ಪ

ನಾವು ಏನು ಓದುತ್ತಿದ್ದೇವೆ ಎಂಬುದನ್ನು ನೆಂಟರಿಗೆ ಅರ್ಥವಾಗುವಂತೆ ಹೇಳಬಾರದು. ಇದು ನನಗೆ ತಡವಾಗಿ ಹೊಳೆದ ವಿವೇಕ. ಅರ್ಥವಾಗದಂತೆ ಹೇಳಿದರೆ ‘ಏನೋ ಓದ್ತಾವಳೆ’ ಎಂದು ಬಿಟ್ಟುಬಿಡುತ್ತಾರೆ. ಅರ್ಥವಾದರೆ ಕೆಲಸ ಹಚ್ಚುತ್ತಾರೆ. ಚನ್ನಪಟ್ಟಣದ ಶಾಲೆಯೊಂದರಲ್ಲಿ ಬಹಳ ವರ್ಷ ಕಂಪ್ಯೂಟರ್ ಪಾಠ ಹೇಳಿ, ತಲೆಯಲ್ಲಿ ಬಿಳಿಕೂದಲು ಇಣುಕಿದ ಮೇಲೆ, ನಾನು ಸೈಬರ್ ಭದ್ರತೆ ಮತ್ತು ಡಿಜಿಟಲ್ ಫೊರೆನ್ಸಿಕ್ ಎಂಬ ಎಂ.ಎಸ್ಸಿ.ಗೆ ಸೇರಿಕೊಂಡೆ. “ಅಂಗಂದ್ರೇನವ್ವ?” ಎಂದು ನಮ್ಮಮ್ಮ ಕೇಳಿದಳು. “ಪೋಸ್ಟ್‌ಮಾರ್ಟಂ ಕಣಮ್ಮ, ಆದ್ರೆ ಫೋನಿಗೆ” ಎಂದೆ. ಅಲ್ಲಿಗೆ ಕೆಟ್ಟೆ. ವಾರದೊಳಗೆ ಸುದ್ದಿ ಬೀದಿಯೆಲ್ಲ ಹರಡಿ, ಪಾಸ್‌ವರ್ಡ್ ಮರೆತವರು, ಗಂಡ ಯಾರ ಜೊತೆ ಅಷ್ಟು ಹೊತ್ತು ಮಾತಾಡುತ್ತಾನೆಂದು ತಿಳಿಯಬೇಕಾದವರು ಒಬ್ಬೊಬ್ಬರಾಗಿ ಬರತೊಡಗಿದರು. ಒಬ್ಬಾಕೆ ಕೆಟ್ಟ ಮಿಕ್ಸಿಯನ್ನೇ ತಂದಿಟ್ಟು ಹೋದರು. ಅದು ಇನ್ನೂ ನಮ್ಮ ಅಟ್ಟದ ಮೇಲಿದೆ.

ನನ್ನ ವಿದ್ಯೆಯ ಆಳ ನನಗೆ ಗೊತ್ತಿತ್ತು. ನಮ್ಮ ಲ್ಯಾಬಿನಲ್ಲಿ ಪರೀಕ್ಷೆಗೆಂದು ಕೊಡುವ ಫೋನುಗಳಲ್ಲಿನ ಅಪರಾಧಗಳನ್ನು ಹಿಂದಿನ ದಿನ ಮೇಷ್ಟರೇ ಮಾಡಿಟ್ಟಿರುತ್ತಾರೆ. ನಾವು ಹುಡುಕುವುದು, ಅವರು ತಲೆಯಾಡಿಸುವುದು. ಅಲ್ಲಿ ಯಾರೂ ಸತ್ತಿರುವುದಿಲ್ಲ, ಯಾರೂ ಬಾಗಿಲ ಹೊರಗೆ ಕಾಯುತ್ತಾ ಕೂತಿರುವುದಿಲ್ಲ. ಅಂಥ ತನಿಖೆಗಳಲ್ಲಿ ನಾನು ತರಗತಿಗೇ ಮುಂದು.

ಹೀಗಿರುವಾಗ ನಮ್ಮ ಚಿಕ್ಕಪ್ಪ ತೀರಿಕೊಂಡರು. ರೇಷ್ಮೆಗೂಡು ಸಾಗಿಸುವ ಲಗೇಜ್ ಆಟೋ ಓಡಿಸುತ್ತಿದ್ದ ಮನುಷ್ಯ, ರಾಮನಗರದಲ್ಲಿ ಲೋಡು ಇಳಿಸುತ್ತಾ ಮಧ್ಯಾಹ್ನದ ಹೊತ್ತಿಗೆ ಎದೆ ಹಿಡಿದುಕೊಂಡು ಕೂತವರು ಏಳಲೇ ಇಲ್ಲ. ಮೂರನೆಯ ದಿನ ಹಾಲು ತುಪ್ಪ ಬಿಡುವ ಶಾಸ್ತ್ರ. ಮಣ್ಣು ಮಾಡಿದ ಜಾಗದಲ್ಲಿ ಎಲೆ ಹಾಕಿ ಮುದ್ದೆ, ಕೋಳಿಸಾರು, ಬೀಡಿಕಟ್ಟು ಎಲ್ಲ ಇಟ್ಟು ದೂರ ನಿಂತರೆ ಒಂದು ಕಾಗೆಯೂ ಹತ್ತಿರ ಸುಳಿಯಲಿಲ್ಲ. ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಎಲ್ಲರೂ ತಲೆಗೊಂದು ಮಾತಾಡಿದರು. ಆಗ ಚಿಕ್ಕಪ್ಪನ ಬಾಮೈದ ನಂಜೇಗೌಡರಿಗೆ ಜ್ಞಾನೋದಯವಾಯಿತು. “ಲೇ, ಫೋನ್ ಇಲ್ದೆ ಭಾವ ಕಕ್ಕಸ್ಸಿಗೂ ಓಗ್ತಿರ್ಲಿಲ್ಲ ಕಣ್ರಲಾ. ಅದನ್ನ ಇಡ್ರಿ” ಎಂದರು. ಇಟ್ಟರು. ಕಾಗೆ ಬಂತು! ಎಲ್ಲರೂ ಕೈಮುಗಿದರು, ಆ ಸಂಭ್ರಮದಲ್ಲಿ ಹಾಲು ತುಪ್ಪವನ್ನು ಧಾರಾಳವಾಗಿ ಫೋನಿನ ಮೇಲೂ ಬಿಟ್ಟರು.

ಆ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಚಿಕ್ಕವ್ವ ನಮ್ಮ ಮನೆಗೆ ಬಂದಳು. ಚಾರ್ಜಿನ ತೂತಿನ ತುಂಬಾ ತುಪ್ಪ. ಆ ಕಡೆ ಈ ಕಡೆ ನೋಡಿ, ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ ಹೇಳಿದಳು: “ಅವತ್ತು ಬೆಳಿಗ್ಗೆ ಸಿಲಿಂಡರ್ ತರೋದ ಮರ್ತು ಓಗಿದ್ರು ಕಣವ್ವ. ಫೋನಲ್ಲಿ ಜಗಳಾಡ್ದೆ. ಸಿಟ್ಟಲ್ಲಿ, ಎಲ್ಲಾರ ಹಾಳಾಗೋಗು, ಮನೇಗ್ ಬರ್ಬ್ಯಾಡ ಅಂದ್ಬುಟ್ಟೆ. ಬರ್ಲೇ ಇಲ್ಲ.” ಫೋನನ್ನು ನನ್ನ ಕೈಗಿಟ್ಟು, “ನಾನು ಆ ಮಾತು ಅನ್ನೋಕ್ ಮುಂಚೆ ಅವ್ರು ಫೋನ್ ಕಟ್ ಮಾಡಿದ್ರಾ, ಇಲ್ಲ ಕೇಳಿಸ್ಕಂಡ್ರಾ, ಅದೊಂದ ನೋಡಿ ಹೇಳು” ಎಂದಳು.

ಚಿಕ್ಕಪ್ಪನ ಫೋನು ಎಲ್ಲ ಕರೆಗಳನ್ನೂ ತಾನಾಗಿಯೇ ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಬಾಡಿಗೆ ಮಾತಾಡಿ ಆಮೇಲೆ ಉಲ್ಟಾ ಹೊಡೆಯುವವರ ಕಾಟಕ್ಕೆ ಅವರೇ ಹಾಗೆ ಮಾಡಿಸಿಕೊಂಡಿದ್ದರು. ಆದರೆ ಫೋನಿಗೆ ಬೀಗ ಬಿದ್ದಿದೆ, ನಂಬರು ಯಾರಿಗೂ ಗೊತ್ತಿಲ್ಲ, ತೆರೆಯಲು ಅವರ ಬೆರಳೇ ಬೇಕು ಎಂದು ನಾನು ಹೇಳಿದಾಗ ನಂಜೇಗೌಡರು ನನ್ನ ಮೇಲೆ ರೇಗಿದರು. “ಮಣ್ಣು ಮಾಡೋಕ್ ಮುಂಚೆ ಒಂದ್ ಮಾತು ಹೇಳಿದ್ರೆ ಒತ್ತಿಸ್ತಿದ್ವಲ್ಲ! ಇಷ್ಟೆಲ್ಲಾ ಓದಿ ಏನ್ ಬಂತು?” ನನಗೂ ಅದೇ ಅನುಮಾನ ಆಗಾಗ ಬರುತ್ತದೆ. ಒಂದು ಇಡೀ ದಿನ ನಾನು ಕಲಿತ ಸಾಫ್ಟ್‌ವೇರುಗಳನ್ನೆಲ್ಲ ಪ್ರಯೋಗಿಸಿದೆ. ನನ್ನ ಯಾವ ಪುಸ್ತಕದಲ್ಲೂ ತುಪ್ಪದ ಅಧ್ಯಾಯವಿರಲಿಲ್ಲ. ಕೊನೆಗೆ ಬೇಸತ್ತು ಫೋನಿನ ಪಕ್ಕದ ಪುಟ್ಟ ಬಾಗಿಲು ಎಳೆದರೆ ಮೆಮೊರಿ ಕಾರ್ಡ್ ಸಿಕ್ಕಿತು. ಒರೆಸಿ ಲ್ಯಾಪ್‌ಟಾಪಿಗೆ ಹಾಕಿದೆ. ಚಿಕ್ಕಪ್ಪನ ಕರೆಗಳೆಲ್ಲ ಅದರಲ್ಲೇ ಬೀಗವಿಲ್ಲದೆ ಬಿದ್ದಿದ್ದವು.

ಮೂಲಕ್ಕೆ ಕೈ ಹಚ್ಚಬಾರದೆಂಬ ನಿಯಮದಂತೆ ನಕಲು ತೆಗೆದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೊನೆಯ ಕರೆ ಹಾಕಿದೆ. ಸಿಲಿಂಡರ್ ಜಗಳ. ಆಮೇಲೆ ಚಿಕ್ಕವ್ವನ ಆ ಮಾತು, ಒಂದಕ್ಷರ ಬಿಡದೆ. ಅವರು ಕೇಳಿಸಿಕೊಂಡಿದ್ದರು. ಅಲ್ಲಿಗೇ ನಿಲ್ಲಿಸಿಬಿಟ್ಟೆ. ಜಗಲಿಯಲ್ಲಿ ಕೂತಿದ್ದ ಚಿಕ್ಕವ್ವನ ಬಳಿಗೆ ಹೋಗಿ, ಪರಿಣತರ ಗಾಂಭೀರ್ಯದಿಂದ ಹೇಳಿದೆ: “ಇಲ್ಲ ಚಿಕ್ಕವ್ವ. ನೀನು ಆ ಮಾತು ಅನ್ನೋಕ್ ಮುಂಚೇನೇ ಕಟ್ ಆಗಿದೆ.”

ಅವಳ ಮುಖ ಅರಳುತ್ತದೆಂದು ಕಾದೆ. ಅದು ಬಾಡಿಹೋಯಿತು. “ಅಂಗಾರೆ ಆಮೇಲಿಂದೂ ಕೇಳಿಸ್ಲಿಲ್ವಾ?” ಎಂದಳು. “ಅಂದ್ಬುಟ್ಟು ಫೋನ ಕಟ್ ಮಾಡ್ದಲೇ ಅಂಗೇ ರಾಗಿ ಡಬ್ಬದ ಮ್ಯಾಲೆ ಕುಕ್ಕಿದ್ದೆ. ಆಮೇಲೆ ನಂಗ್ ನಾನೇ ಅಂತಿದ್ದೆ, ಈ ಬಿಸ್ಲಲ್ಲಿ ಉಣ್ದೆ ತಿರುಗ್ತದೆ ಮೂದೇವಿ, ಉಪ್ಸಾರು ಮಾಡಿವ್ನಿ, ಬೇಗ ಬರ್ಬಾರ್ದಾ ಅಂತ. ಬೈದಿದ್ದು ಕೇಳಿದ್ರೂ ಕೇಳ್ಲಿ, ಅದೊಂದು ಅವ್ರ ಕಿವಿಗೆ ಬಿದ್ದಿದ್ರೆ ಸಾಕು ಅಂದ್ಕಂಡಿದ್ದೆ.” ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಒಳಗೆ ಓಡಿ ಉಳಿದದ್ದನ್ನು ಕೇಳಿದೆ. ಪಾತ್ರೆಯ ಸದ್ದು. ದೂರದಿಂದ ಚಿಕ್ಕವ್ವನ ಗೊಣಗಾಟ, ಮೂದೇವಿ, ಉಪ್ಸಾರು, ಎಲ್ಲ. ಆಮೇಲೆ ಚಿಕ್ಕಪ್ಪನ ನಗು! ಯಾರೂ ಕೇಳದ ಫೋನಿಗೆ ಅವರು ಹೇಳುತ್ತಿದ್ದರು: “ಆಯ್ತು ಕಣಮ್ಮಿ, ಹಾಳಾಗೋಗಿ ಬತ್ತೀನಿ. ಖಾರ ಒಸಿ ಜಾಸ್ತಿ ಅರಿ.” ಲ್ಯಾಪ್‌ಟಾಪನ್ನು ಎತ್ತಿಕೊಂಡೇ ಜಗಲಿಗೆ ಓಡಿದೆ. “ನಾನು ಸುಳ್ಳು ಹೇಳ್ದೆ ಚಿಕ್ಕವ್ವ, ಎಲ್ಲಾ ಇದೆ, ಕೇಳು” ಎಂದು ಜೋರಾಗಿ ಹಾಕಿದೆ.

ಚಿಕ್ಕವ್ವ ಕಣ್ಣು ಮುಚ್ಚಿಕೊಂಡು ಕೇಳಿದಳು. ಮುಗಿದ ಮೇಲೆ ಇನ್ನೊಮ್ಮೆ ಹಾಕಿಸಿಕೊಂಡಳು. ಆಮೇಲೆ ನನ್ನ ಗಲ್ಲ ಸವರಿ, “ಚೆನ್ನಾಗ್ ಮಾಡಿದ್ದೀಯ ಕಣವ್ವ. ಥೇಟ್ ಅವ್ರಂಗೇ ಐತೆ” ಎಂದಳು.

“ಮಾಡಿದ್ದಲ್ಲ ಚಿಕ್ಕವ್ವ, ಇದು ಅವರೇ!”

“ಟೀವಿಲಿ ತೋರಿಸ್ತಾರಲ್ಲ ಮಗ, ಈಗ ಕಂಪ್ಯೂಟರಲ್ಲಿ ಯಾರ ದನಿ ಬೇಕಾರೂ ಮಾಡ್ತಾರಂತೆ. ನಾನ್ ಅಳ್ತಿದ್ನಲ್ಲ ಅಂತ ನೀನು ಒಳಗೋಗಿ ಮಾಡ್ಕಂಡ್ ಬಂದೆ. ಇರ್ಲಿ ಬುಡು, ನಿಂದು ಒಳ್ಳೆ ಮನಸು.”

ದಿನಾಂಕ ತೋರಿಸಿದೆ, ಸಮಯ ತೋರಿಸಿದೆ, ಮೂಲಕ್ಕೂ ನಕಲಿಗೂ ಒಂದು ಎಳೆಯ ವ್ಯತ್ಯಾಸವಿಲ್ಲವೆಂದು ಗಣಿತದಿಂದ ಸಾಧಿಸಿದೆ. ದೇವರ ಮೇಲೆ ಆಣೆಯನ್ನೂ ಇಟ್ಟೆ. ನ್ಯಾಯಾಲಯದಲ್ಲಾದರೆ ನಿಲ್ಲುವಂಥ ಸಾಕ್ಷ್ಯ ನಮ್ಮ ಜಗಲಿಯಲ್ಲಿ ನಿಲ್ಲಲಿಲ್ಲ. ಅವಳು ಎಲ್ಲಕ್ಕೂ ತಲೆಯಾಡಿಸಿದಳು, ನಮ್ಮ ಮೇಷ್ಟರ ಹಾಗೆಯೇ.

ಆ ದನಿಯನ್ನು ಅವಳಿಗೊಂದು ಫೋನಿಗೆ ಹಾಕಿಕೊಟ್ಟಿದ್ದೇನೆ. ಬಂದವರಿಗೆಲ್ಲ ಕೇಳಿಸಿ, “ನಮ್ ಹುಡ್ಗಿ ಮಾಡಿದ್ದು, ಭಾರಿ ಓದವಳೆ” ಎನ್ನುತ್ತಾಳಂತೆ. ಮೊನ್ನೆ ಹಿಂದಿನ ಬೀದಿಯ ಪುಟ್ಟಲಿಂಗಮ್ಮ ಸಂಕೋಚಪಡುತ್ತಾ ಬಂದು, “ತೀರೋದ ನಮ್ಮವ್ವಂದೂ ಒಂದ್ ಮಾಡ್ಕೊಡವ್ವ, ಒಸಿ ಗೊಗ್ಗರು ದನಿ ಅವ್ಳದು” ಎಂದರು.