ಗೂಡಿಗೆ ಹಿಡಿಸದ ಮಂಟಪ

ಕೆಲಸ ಕಳೆದುಕೊಂಡವನು ನಗುನಗುತ್ತಾ ಓಡಾಡಿಕೊಂಡಿದ್ದರೆ ಸುತ್ತಲಿನವರಿಗೆ ಎಷ್ಟು ತೊಂದರೆಯಾಗುತ್ತದೆ ಎನ್ನುವುದು ನನ್ನ ಕೆಲಸ ಹೋಗುವ ತನಕ ನನಗೆ ಗೊತ್ತಿರಲಿಲ್ಲ. ಮುಖ ಸಪ್ಪಗೆ ಮಾಡಿಕೊಂಡು, ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ನಮ್ಮ ಗೋವಿಂದರಾಜನಗರದ ಮನೆಗೆ ಬಂದವರನ್ನು ನಾನು ಬಾಗಿಲಲ್ಲೇ, ಬನ್ನಿ ಬನ್ನಿ, ಈಗ ಪುರಸೊತ್ತೇ ಪುರಸೊತ್ತು ಎಂದು ಎದುರುಗೊಂಡರೆ ಅವರ ಪಾಡೇನಾಗಬೇಕು? ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಸಮಾಧಾನದ ಮಾತುಗಳೆಲ್ಲ ದಂಡ. ಕಾಫಿ ಕುಡಿದು, ಏನೋ ಮೋಸಹೋದವರಂತೆ ಎದ್ದು ಹೋಗುತ್ತಿದ್ದರು. ಕೊನೆಕೊನೆಗೆ ಪಾಪ ಅನ್ನಿಸಿ, ದೂರದಿಂದ ಬಂದವರಿಗೆ ಮಾತ್ರ ಒಂದು ನಿಟ್ಟುಸಿರು ಬಿಟ್ಟು ಕಳಿಸುವ ಪದ್ಧತಿ ಇಟ್ಟುಕೊಂಡೆ. ಲಗ್ಗೆರೆಯಿಂದ ಬಸ್ಸು ಬದಲಾಯಿಸಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಮರ್ಯಾದೆಯಲ್ಲ.

ನನ್ನ ಕೆಲಸ ಏನಾಗಿತ್ತು ಎಂದು ಹೇಳಿಬಿಡುತ್ತೇನೆ. ನಮ್ಮ ಬೀದಿಯ ಅರ್ಧ ಜನ ನನ್ನನ್ನು ಬಡಗಿ ಎಂದೂ ಇನ್ನರ್ಧ ಜನ ಕಬ್ಬಿಣದ ಕೆಲಸದವನೆಂದೂ ತಿಳಿದುಕೊಂಡಿದ್ದಾರೆ. ಎರಡೂ ಪೂರ್ತಿ ತಪ್ಪಲ್ಲ. ಪೀಣ್ಯದ ಕಡೆ ಒಂದು ಫೌಂಡ್ರಿಯಲ್ಲಿ ನಾನು ಪ್ಯಾಟರ್ನ್ ಮೇಕರ್ ಆಗಿದ್ದೆ. ಪಂಪಿನ ಹೊರಮೈಯನ್ನೋ ಮೋಟಾರಿನ ಮುಚ್ಚಳವನ್ನೋ ಲೋಹದಲ್ಲಿ ಎರಕ ಹೊಯ್ಯಬೇಕಾದರೆ ಮೊದಲು ಅದೇ ಆಕಾರವನ್ನು ಮರದಲ್ಲಿ ಕಡೆಯಬೇಕು. ಆ ಮರವನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಜಾಗಕ್ಕೆ ಕರಗಿದ ಅಲ್ಯೂಮಿನಿಯಂ ಹೊಯ್ಯುತ್ತಾರೆ. ಮರದ್ದು ನನ್ನ ಪಾಲು. ಒಳ್ಳೆಯ ತೇಗದ ತುಂಡು ಸಿಕ್ಕಿ, ಉಳಿ ಹಿಡಿದು ಕೂತರೆ ಊಟದ ಸೈರನ್ನೂ ಕೇಳಿಸುತ್ತಿರಲಿಲ್ಲ. ಅಂಥ ಸುಖದ ಕೆಲಸ ಅದು. ಅದರಲ್ಲಿ ಇದ್ದದ್ದು ಒಂದೇ ಕೊರತೆ. ನಾನು ಮಾಡಿದ್ದು ಯಾರ ಮನೆಗೂ ಹೋಗುತ್ತಿರಲಿಲ್ಲ. ಲೋಹ ಊರೂರಿಗೆ ಹೋಗುತ್ತಿತ್ತು, ನನ್ನ ಮರ ಧೂಳು ಕೊಡವಿಸಿಕೊಂಡು ಕಾರ್ಖಾನೆಯ ಅಟ್ಟ ಸೇರುತ್ತಿತ್ತು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಸಾವಿತ್ರಿಗೆ ವಿಜಯನಗರದ ಒಂದು ಅಂಗಡಿಯಲ್ಲಿದ್ದ ಪಂಪು ತೋರಿಸಿ, ಇದು ನನ್ನ ಕೆಲಸ ಎಂದು ಎದೆಯುಬ್ಬಿಸಿದ್ದೆ. ಅವಳು ಅದನ್ನು ಸುತ್ತಲೂ ನೋಡಿ, ಇದರಲ್ಲಿ ಮರ ಎಲ್ಲಿದೆ ಎಂದು ಕೇಳಿದಳು. ಅಂಗಡಿಯವನೂ ಬಗ್ಗಿ ಹುಡುಕಿದ.

ಈಚೆಗೆ ಕಂಪ್ಯೂಟರಿನ ಮೆಷಿನ್ನುಗಳು ಬಂದವು. ನಾನು ವಾರಗಟ್ಟಲೆ ಕಡೆಯುವುದನ್ನು ಅವು ಟೀ ಕುಡಿಯದೆ, ಬೀಡಿ ಸೇದದೆ ಕೊರೆದು ಕೊಡುತ್ತವೆ. ಒಂದು ದಿನ ಯಜಮಾನರು ನನ್ನನ್ನು ಕರೆಸಿ, ತಾವೇ ಎದ್ದು ನನಗೆ ಕುರ್ಚಿ ಎಳೆದು ಕೊಟ್ಟರು. ಅವರ ಬಾಯಿಂದ ಮಾತು ಬರುವ ಮೊದಲೇ ಆ ಕುರ್ಚಿಯಿಂದ ನನಗೆ ಎಲ್ಲ ಅರ್ಥವಾಯಿತು. ಪ್ಯಾಟರ್ನ್ ವಿಭಾಗ ಮುಚ್ಚುತ್ತಾರಂತೆ, ಇನ್ನು ಮೇಲೆ ಹೊರಗೆ ಮಾಡಿಸುತ್ತಾರಂತೆ. ಒಳ್ಳೆಯ ಮನುಷ್ಯ, ಹೇಳುವಾಗ ನನಗಿಂತ ಅವರೇ ಹೆಚ್ಚು ಬೆವರಿದರು. ನನ್ನ ಉಳಿಗಳನ್ನೂ, ಮಿಕ್ಕ ತೇಗದ ಹಲಗೆಗಳನ್ನೂ, ನನ್ನ ಹಳೆಯ ಸ್ಟೀಲ್ ಸ್ಕೇಲನ್ನೂ ಮನೆಗೆ ಒಯ್ಯಲು ಹೇಳಿದರು. ಹಲಗೆಗಳನ್ನು ಆಟೋದಲ್ಲಿ ಹಾಕಿಸಿದೆ. ಸ್ಕೇಲನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡು ಬಂದೆ.

ಈ ಸ್ಕೇಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ಆದ್ದರಿಂದ ಮರದ ಅಚ್ಚನ್ನು ಬೇಕಾದ ಅಳತೆಗಿಂತ ಚೂರು ದೊಡ್ಡದಾಗಿಯೇ ಮಾಡಬೇಕು. ಪ್ರತಿಯೊಂದಕ್ಕೂ ಲೆಕ್ಕ ಹಾಕುತ್ತಾ ಕೂರುವ ಬದಲು, ಗೀಟುಗಳನ್ನೇ ಸ್ವಲ್ಪ ದೂರದೂರ ಕೊರೆದ ಬೇರೆ ಸ್ಕೇಲು ನಮ್ಮ ಕಸುಬಿನಲ್ಲಿದೆ. ನೋಡುವುದಕ್ಕೆ ಎಲ್ಲ ಸ್ಕೇಲುಗಳಂತೆಯೇ ಇರುತ್ತದೆ, ಆದರೆ ಅದರ ಅಡಿ ಲೋಕದ ಅಡಿಗಿಂತ ಒಂದೆರಡು ಬೆಂಕಿಕಡ್ಡಿ ದಪ್ಪದಷ್ಟು ಹೆಚ್ಚು. ಈಗ ಗಂಡನ ಮನೆಯಲ್ಲಿರುವ ನಮ್ಮ ಮಗಳು ಹೈಸ್ಕೂಲಿನಲ್ಲಿದ್ದಾಗ, ನಾನೊಮ್ಮೆ ಮನೆಗೆ ತಂದಿದ್ದ ಇದನ್ನು ಬ್ಯಾಗಿಗೆ ತುರುಕಿಕೊಂಡು ಹೋಗಿ, ಜಾಮಿಟ್ರಿಯಲ್ಲಿ ಮಾರ್ಕ್ಸು ಕಳೆದುಕೊಂಡು ಬಂದಿದ್ದಳು. ಯಾವ ಸ್ಕೇಲು ಯಾವುದಕ್ಕೆ ಎಂಬ ತಿಳಿವಳಿಕೆ ಮನುಷ್ಯನಿಗೆ ಎಷ್ಟು ಮುಖ್ಯ ಎಂದು ಅವತ್ತು ಅವಳಿಗೆ ನಾನು ಬಹಳ ಹೊತ್ತು ಬೋಧನೆ ಮಾಡಿದ್ದೆ.

ದೀಪಾಂಜಲಿ ನಗರದಲ್ಲಿ ನನ್ನ ಭಾಮೈದ ಪ್ರಕಾಶ ಇದ್ದಾನೆ. ಧೈರ್ಯ ಹೇಳುವುದೇ ಅವನ ಹವ್ಯಾಸ. ನನಗೆ ಕೆಲಸ ಹೋದದ್ದು ಅವನಿಗೆ ಹಬ್ಬವಾಯಿತು. ದಿನಾ ಬೆಳಗ್ಗೆ ಕನ್ನಡಿ ಮುಂದೆ ನಿಂತು "ನಾನು ಚೆನ್ನಾಗಿದ್ದೇನೆ" ಎಂದು ಗಟ್ಟಿಯಾಗಿ ಹೇಳಿಕೊಳ್ಳಬೇಕು ಎಂದು ಕಟ್ಟುನಿಟ್ಟು ಮಾಡಿದ. ಹೇಳಿಕೊಂಡೆ. ಸಾವಿತ್ರಿ ಹಿಂದಿನಿಂದ ಬಂದು, ಚೆನ್ನಾಗಿದ್ದರೆ ಸ್ವಲ್ಪ ಆ ಕಡೆ ಸರಿಯಿರಿ, ತಲೆ ಬಾಚಿಕೊಳ್ಳಬೇಕು ಎಂದಳು. ನಿಜ ಹೇಳಬೇಕೆಂದರೆ ನಾನು ಚೆನ್ನಾಗಿಯೇ ಇದ್ದೆ. ನನ್ನ ತಲೆಯಲ್ಲಿ ಒಂದು ಯೋಜನೆ ಇತ್ತು. ನಮ್ಮ ನಡುಮನೆಯ ಗೋಡೆಯಲ್ಲಿ ದೇವರಿಗೆಂದು ಒಂದು ಗೂಡಿದೆ. ಅದರೊಳಗೆ ಕೂರುವಂಥ ಮರದ ಮಂಟಪ ಬೇಕೆಂದು ಸಾವಿತ್ರಿ ವರ್ಷಗಳಿಂದ ಕೇಳುತ್ತಿದ್ದಳು. ವರಮಹಾಲಕ್ಷ್ಮಿ ಹಬ್ಬಕ್ಕೆ ಅದನ್ನು ಮಾಡಿ ಕೂರಿಸುವುದು. ಮಹಡಿಯಲ್ಲಿರುವ ಮನೆ ಓನರ್ ಜಯಮ್ಮನವರು ಅದನ್ನು ನೋಡುವುದು, ಚೆನ್ನಾಗಿದ್ದರೆ ತಮಗೂ ತಮ್ಮ ಅಕ್ಕತಂಗಿಯರಿಗೂ ಮಾಡಿಸುವುದು. ಇದನ್ನು ಅವರೇ ಮೆಟ್ಟಿಲ ಮೇಲೆ ನಿಂತು ಹೇಳಿದ್ದರು. ಅಲ್ಲಿಗೆ ನನ್ನ ಮುಂದಿನ ಬದುಕು ಆ ಗೂಡಿನೊಳಗೆ ಕೂತಿತ್ತು. ಅದಕ್ಕಿಂತ ದೊಡ್ಡ ಆಸೆ ಇನ್ನೊಂದು, ಅದನ್ನು ಯಾರಿಗೂ ಹೇಳಿರಲಿಲ್ಲ. ನಾನು ಕಡೆದ ಮರ ಈ ಒಂದು ಸಲ ಮರವಾಗಿಯೇ, ಅದೂ ನಮ್ಮ ಮನೆಯಲ್ಲೇ, ಉಳಿಯುತ್ತದಲ್ಲ ಎನ್ನುವುದು.

ಹಾರ್ಡ್‌ವೇರ್ ಅಂಗಡಿಯಿಂದ ಹೊಸ ಟೇಪು ತಂದು ಗೂಡನ್ನು ಅಳೆದೆ. ಅಳತೆಯನ್ನು ಗೋಡೆಯ ಮೇಲೇ ಬರೆಯಲು ಹೋಗಿ ಬೈಸಿಕೊಂಡು, ಅಂಗೈಯಲ್ಲಿ ಬರೆದುಕೊಂಡು ತಾರಸಿಗೆ ಹೋದೆ. ಆಮೇಲಿನ ದಿನಗಳ ಸುಖವನ್ನು ಏನೆಂದು ಹೇಳಲಿ! ಜಯಮ್ಮನವರು ಮಳೆಯ ಬಿಡುವಿನಲ್ಲಿ ಒಣಹಾಕಿದ್ದ ಸಂಡಿಗೆಗಳ ಪಕ್ಕದಲ್ಲಿ ಕೂತು ಗೀಟು ಎಳೆದೆ, ಕೊಯ್ದೆ, ಉಜ್ಜಿದೆ. ಕಂಬಕ್ಕೆ ಬಳ್ಳಿ ಬಿಡಿಸಿದೆ, ಮೇಲೊಂದು ಗೋಪುರ, ಎರಡು ಕಡೆ ಗಿಳಿ. ಮರದ ಹೊಟ್ಟು ಹಾರಿ ಒಂದಷ್ಟು ಸಂಡಿಗೆ ಹಾಳಾದರೂ ಜಯಮ್ಮನವರು ಬೈಯಲಿಲ್ಲ. ಗಿಳಿಯ ಮೂಗು ಮುಟ್ಟಿ ನೋಡಿದರು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಮಂಟಪವನ್ನು ಕೆಳಗಿಳಿಸಿದೆವು. ಕೈಕೊಡಲು ಪ್ರಕಾಶ ಬಂದಿದ್ದ, ನೋಡಲು ಜಯಮ್ಮನವರು ಬಂದು ಕುರ್ಚಿ ಹಾಕಿಕೊಂಡಿದ್ದರು. ನಾನೂ ಪ್ರಕಾಶನೂ ಹಿಡಿದು ಗೂಡಿಗೆ ತಳ್ಳಿದೆವು. ಹೋಗಲಿಲ್ಲ. ಓರೆ ಮಾಡಿದೆವು, ಪ್ರಕಾಶ "ಆಗುತ್ತೆ ಭಾವ, ಆಗುತ್ತೆ ಅಂದ್ಕೊಳ್ಳಿ" ಎಂದ. ಅಂದುಕೊಂಡೆ. ಆಗಲೂ ಹೋಗಲಿಲ್ಲ. ಮಳೆಗಾಲ ಅಲ್ಲವೇ, ತೇವಕ್ಕೆ ಗೋಡೆ ಊದಿಕೊಂಡಿರಬೇಕು ಎಂದು ಒಂದು ಮಾತು ತೇಲಿಬಿಟ್ಟೆ.

"ನಮ್ಮ ಮಾವನೋರು ಮುಂದೆ ನಿಂತು ಕಟ್ಸಿದ ಗೋಡೆ ನಂಜುಂಡಪ್ಪನೋರೆ," ಎಂದರು ಜಯಮ್ಮನವರು. "ಅದು ಊದ್ಕೊಳ್ಳಲ್ಲ."

ಸಾವಿತ್ರಿ ತಾರಸಿಗೆ ಹೋಗಿ ನನ್ನ ಸ್ಕೇಲು ತಂದಳು. ಅದನ್ನು ನೆಲದ ಮೇಲಿಟ್ಟು, ಪಕ್ಕದಲ್ಲಿ ಹೊಸ ಟೇಪು ಎಳೆದಳು. ಎರಡು ಅಡಿಯ ಗುರುತಿಗೆ ಬರುವ ಹೊತ್ತಿಗೆ ನನ್ನ ಸ್ಕೇಲು ಒಂದು ಪೆನ್ಸಿಲ್ ದಪ್ಪದಷ್ಟು ಮುಂದಿತ್ತು. ಗೂಡನ್ನು ಲೋಕದ ಅಳತೆಯಲ್ಲಿ ಅಳೆದು, ಮರಕ್ಕೆ ಫೌಂಡ್ರಿಯ ಅಳತೆಯಲ್ಲಿ ಗೀಟು ಎಳೆದಿದ್ದೆ. ದೇವರ ಮಂಟಪವನ್ನು ಯಾರೋ ಅಲ್ಯೂಮಿನಿಯಂನಲ್ಲಿ ಹೊಯ್ಯುತ್ತಾರೆ ಎನ್ನುವಂತೆ ಆರಿ ಕುಗ್ಗುವುದಕ್ಕೂ ಜಾಗ ಬಿಟ್ಟು ಕಡೆದಿದ್ದೆ.

"ಇದು ಆರಿದ್ ಮೇಲೆ ಕುಗ್ಗುತ್ತಾ?" ಎಂದು ಕೇಳಿದಳು ಸಾವಿತ್ರಿ.

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಾ ನಗುತ್ತಾ ಎಲ್ಲೋ ನಡುವೆ ನನ್ನ ನಗು ಕೆಟ್ಟಿತು. ನನ್ನ ತಲೆಗೆ, ನಾಲಿಗೆಗೆ, ನೆಂಟರಿಗೆ, ಇಡೀ ಬೀದಿಗೆ ಕೆಲಸ ಹೋದದ್ದು ಗೊತ್ತಾಗಿತ್ತು. ಕೈಗೆ ಮಾತ್ರ ಯಾರೂ ತಿಳಿಸಿರಲಿಲ್ಲ. ಅದು ಇನ್ನೂ ಪೀಣ್ಯದಲ್ಲೇ ಡ್ಯೂಟಿಯಲ್ಲಿತ್ತು. ಅದನ್ನು ನೆನೆದು ನನಗೆ ತಡೆಯಲಾರದಷ್ಟು ದುಃಖವಾಯಿತು. ಟೇಪು ಸುತ್ತುವ ನೆವದಲ್ಲಿ ತಲೆ ಬಗ್ಗಿಸಿದೆ. ಜಯಮ್ಮನವರು ಒಲೆಯ ಮೇಲೆ ಹಾಲಿದೆ ಎಂದು ಎದ್ದರು. ಪ್ರಕಾಶ, ತನ್ನ ಜೀವಮಾನದಲ್ಲಿ ಮೊದಲ ಸಲ, ಧೈರ್ಯ ಹೇಳದೆ ಹೂ ತರಲು ಹೋದ.

ಸಾವಿತ್ರಿ ನನ್ನ ಪಕ್ಕದಲ್ಲಿ ನೆಲದ ಮೇಲೇ ಕೂತಳು. "ಕೆಲಸ ಹೋದಾಗಿಂದ ಕಾಯ್ತಾ ಇದ್ದೆ ಕಣ್ರೀ," ಎಂದಳು. "ನೀವು ನಗ್ತಾನೇ ಇದ್ರೆ ನಾನ್ ಎಲ್ಲಿ ಹೋಗಿ ಅಳ್ಲಿ?"

ಇಷ್ಟು ದಿನ ನನ್ನ ಸಂತೋಷದಿಂದ ಬಂದುಹೋಗುವವರಿಗೆ ತೊಂದರೆ ಎಂದುಕೊಂಡಿದ್ದೆ. ಮನೆಯೊಳಗೇ ಒಬ್ಬರಿಗೆ ಜಾಗವಿಲ್ಲದಂತೆ ಮಾಡಿದ್ದು ನನಗೆ ತಿಳಿದಿರಲಿಲ್ಲ. ಆಮೇಲೆ ಅವಳು ಕಾಫಿಗೆ ನೀರಿಟ್ಟಳು, ನಾನು ಹತ್ತರಿ ತಂದೆ. ಹತ್ತರಿ ಎಂದರೆ ಮರ ಉಜ್ಜುವ ಸಾಧನ. ಎರಡು ಪಕ್ಕ ಉಜ್ಜಿದರೆ ಮಂಟಪ ಗೂಡಿಗೆ ಹಿಡಿಸುತ್ತದೆ, ಗಿಳಿಗಳ ಬಾಲ ಹೋಗುತ್ತದೆ ಅಷ್ಟೆ. ಅವಳು ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಇಷ್ಟು ವರ್ಷಕ್ಕೆ ನಿಮ್ಮ ಒಂದು ಮರ ಮನೆಗೆ ಬಂದಿದೆ, ಅದನ್ನೂ ಕೆರೆಯಬೇಡಿ ಎಂದಳು.

ಹಾಗಾಗಿ ಲಕ್ಷ್ಮಿ ಈಗ ಗೂಡಿನ ಕೆಳಗೆ, ಒಂದು ಮಣೆಯ ಮೇಲೆ, ಇದ್ದ ಅಳತೆಯ ಮಂಟಪದಲ್ಲೇ ಕೂತಿದ್ದಾಳೆ. ಖಾಲಿ ಗೂಡಿನಲ್ಲಿ ಸಾವಿತ್ರಿ ಊದುಬತ್ತಿ, ಬೆಂಕಿಪೊಟ್ಟಣ ಇಟ್ಟುಕೊಂಡಿದ್ದಾಳೆ. ಜಯಮ್ಮನವರು ಅರಿಶಿನ ಕುಂಕುಮಕ್ಕೆ ಬಂದವರು ಗಿಳಿಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿ, ತಮಗೂ ಒಂದು ಮಾಡಿಕೊಡಲು ಹೇಳಿದರು. ಗೀಟು ಎಳೆಯುವುದು ಮಾತ್ರ ಸಾವಿತ್ರಿಯ ಕೈಲಿ ಆಗಲಿ ಎಂಬ ಕರಾರಿನ ಮೇಲೆ. ನನ್ನ ಹಳೆಯ ಸ್ಕೇಲು ಬೀರುವಿನಲ್ಲಿ, ಅವಳ ರೇಷ್ಮೆ ಸೀರೆಗಳ ನಡುವೆ ಇದೆ. ಬೀಗದ ಕೈ ಅವಳ ಹತ್ತಿರ.

ಇವತ್ತು ಬೆಳಗ್ಗೆ ಪ್ರಕಾಶನ ಫೋನು ಬಂತು. ಹೇಗಿದೀರ ಭಾವ ಎಂದು ಕೇಳಿದ. ಅಭ್ಯಾಸಬಲದಿಂದ, ಫಸ್ಟ್ ಕ್ಲಾಸ್ ಎಂದೆ. ಅಡುಗೆಮನೆಯಿಂದ ಸಾವಿತ್ರಿಯ ದನಿ ಬಂತು: "ಅದು ಯಾವ ಸ್ಕೇಲಲ್ಲಿ?"

ನಾನು ಒಮ್ಮೆ ಗೂಡಿನ ಕಡೆ, ಒಮ್ಮೆ ಮಂಟಪದ ಕಡೆ ನೋಡಿದೆ. "ಒಂದು ಪೆನ್ಸಿಲ್ ದಪ್ಪ ಕಮ್ಮಿ ಹಿಡ್ಕೋ ಕಣೋ ಪ್ರಕಾಶ," ಎಂದೆ. ಅವನಿಗೆ ಗಾಬರಿಯಾಗಿ, ಸಂಜೆ ಬಾಳೆಹಣ್ಣು ಹಿಡಿದುಕೊಂಡು ಬರುತ್ತಿದ್ದಾನೆ. ಈ ಸಲ ಅವನಿಗಾಗಿ ನಿಟ್ಟುಸಿರು ಹೊಂದಿಸಿಕೊಳ್ಳಬೇಕಾಗಿಲ್ಲ, ನನ್ನದೇ ಒಂದಿದೆ. ಅದು ಬೇಕಾದ್ದಕ್ಕಿಂತ ಚೂರು ದೊಡ್ಡದಾಗಿ ಬಂದರೆ ಅವನು ಬೇಸರ ಮಾಡಿಕೊಳ್ಳಬಾರದು, ನಾನು ಕಲಿತ ಕಸುಬೇ ಅಂಥದ್ದು.