ಹಿಂದಿನ ಸೀಟಿನಲ್ಲಿ ಮೇಷ್ಟ್ರು

ಟಾರ್ಮಡ್ ಮೇಷ್ಟ್ರ ಆ ದಿನದ ಪಡಿಪಾಟಲಿಗೆಲ್ಲ ಮೂಲ ಅವರ ಅಜ್ಜನ ಕಿಲ್ಟು. ಅದು ಬಿಸ್ಕತ್ತಿನ ಡಬ್ಬದ ಮೇಲಿನ ಚಿತ್ರಕ್ಕೆ ಚೆಂದವೇ ಹೊರತು ನಿವೃತ್ತ ಭೂಗೋಳದ ಮೇಷ್ಟ್ರಿಗಲ್ಲ ಎಂಬುದು ಅವರ ವಾದವಾಗಿತ್ತು. ಆದರೆ ತಾಯಿಯಿಲ್ಲದೆ ಬೆಳೆದ ಒಬ್ಬಳೇ ಮಗಳು ಐಲಿ, ತನ್ನ ಮದುವೆಗೆ ಅಪ್ಪನಲ್ಲಿ ಕೇಳಿದ್ದು ಅದೊಂದೇ. ಮೇಷ್ಟ್ರು ನುಸಿಗುಳಿಗೆ ವಾಸನೆಯ ಪೆಟ್ಟಿಗೆ ತೆಗೆದು, ಹೊಟ್ಟೆ ಒಳಗೆಳೆದುಕೊಂಡು, ಮೊಣಕಾಲಿನವರೆಗಷ್ಟೇ ಬರುವ, ನೆರಿಗೆ ನೆರಿಗೆಯ ಆ ಉಣ್ಣೆಯ ಗಂಡಸರ ಲಂಗವನ್ನು ಸೊಂಟಕ್ಕೆ ಬಿಗಿದರು.

ಪಕ್ಕದ ಮನೆಯ ಗಿಲ್ಲೀಸ್ ಅಮ್ಮ ಬೇಲಿಯ ಮೇಲೆ ಬಗ್ಗಿ, ಕಿಲ್ಟಿನೊಳಗೆ ಏನೂ ಹಾಕುವುದಿಲ್ಲವಂತಲ್ಲ, ನೀವು ಒಳಗೇನು ಹಾಕಿಕೊಂಡಿದ್ದೀರಿ ಎಂದು ಕೇಳಿದರು. ಬೀದಿಯ ತಿರುವಿನಲ್ಲಿ ಅಂಚೆಯವನು ಕೇಳಿದ್ದೂ ಅದನ್ನೇ. ಮೇಷ್ಟ್ರು ಹಲ್ಲು ಕಚ್ಚಿಕೊಂಡು ಕಾರು ಓಡಿಸಿದರು.

ಮದುವೆ ಇದ್ದದ್ದು ಬೆಟ್ಟದಾಚೆಯ ಊರಿನಲ್ಲಿ. ಅರ್ಧ ಘಾಟಿ ಏರುವಷ್ಟರಲ್ಲಿ ಮುದಿ ಕಾರು ಹಟ ಹಿಡಿದ ಕುರಿಯ ಹಾಗೆ ದಾರಿಯಲ್ಲೇ ನಿಂತುಬಿಟ್ಟಿತು. ಫೋನಿಗೆ ಸಿಗ್ನಲ್ ಇಲ್ಲ. ಸ್ವಲ್ಪ ಮೇಲೆ ಒಂದು ಚಹಾದಂಗಡಿ ಇತ್ತು. ಅದರ ಮುಂದೆ ಸಾಲಾಗಿ ನಿಂತಿದ್ದವು ದೊಡ್ಡ ದೊಡ್ಡ ಬೈಕುಗಳು.

ಮೇಷ್ಟ್ರು ಒಂದು ಹೆಜ್ಜೆ ಹಿಂದಿಟ್ಟರು. ತಮ್ಮೂರ ಬೀದಿಯಲ್ಲಿ ಬೈಕುಗಳ ಗುಂಪು ಬರಕೂಡದೆಂದು ವರ್ಷವರ್ಷವೂ ಸಭೆ ಕರೆಯುವವರು ಅವರೇ. ಅವರ ಪ್ರಕಾರ ಚರ್ಮದ ಜಾಕೆಟ್ಟು ತೊಟ್ಟವನು ಜೈಲಿಗೆ ಹೊರಟವನು, ಇಲ್ಲವೇ ಅಲ್ಲಿಂದ ಬಂದವನು. ಈಗ ಬರಿಯ ಮೊಣಕಾಲು ತೋರಿಸಿಕೊಂಡು ಅವರ ನಡುವೆ ಹೋಗಬೇಕು. ಹೇಗೂ ಆ ಪ್ರಶ್ನೆ ಕೇಳಿಯೇ ಕೇಳುತ್ತಾರೆಂದು ಒಂದು ಖಾರವಾದ ಉತ್ತರವನ್ನು ಸಿದ್ಧಮಾಡಿಕೊಂಡು ಒಳಗೆ ಕಾಲಿಟ್ಟರು.

ಯಾರೂ ಕೇಳಲಿಲ್ಲ. ಎದೆಯವರೆಗೆ ಗಡ್ಡ ಬಿಟ್ಟಿದ್ದ ಗ್ರೆಗರ್ ಎಂಬ ದೈತ್ಯ ಎದ್ದು ಕುರ್ಚಿ ಕೊಟ್ಟ. ನೇಯ್ಗೆ ಬಹಳ ಹಳೆಯದಿರಬೇಕು ಎಂದು ಕಿಲ್ಟಿನ ಅಂಚನ್ನು ಮೆಚ್ಚುಗೆಯಿಂದ ನೋಡಿದ. ನೆರೆತ ಕೂದಲಿನ ಇಶ್ಬೆಲ್ ಚಹಾ ಬಗ್ಗಿಸಿದಳು. ಅವಳು ಮಕ್ಕಳ ಆಸ್ಪತ್ರೆಯಲ್ಲಿ ನರ್ಸಂತೆ. ಮದುವೆಗೆ ಹೊರಟ ಕಾರು ಕೆಟ್ಟ ಕಥೆ ಕೇಳಿ, ತಾವೂ ಬೆಟ್ಟದಾಚೆಯ ಆ ಮದುವೆಗೇ ಹೊರಟವರು, ಜೊತೆಗೆ ಬನ್ನಿ ಎಂದು ಎಲ್ಲರೂ ಕರೆದರು. ನೀವು ಯಾರ ಕಡೆಯವರು ಎಂದು ಗ್ರೆಗರ್ ಕೇಳಿದ.

"ಹುಡುಗಿ ಕಡೆ," ಎಂದರು ಮೇಷ್ಟ್ರು.

"ಹಂಗಾದ್ರೆ ಆ ಅಪ್ಪ ನಿಮಗೆ ಗೊತ್ತಿರಬೇಕಲ್ಲ," ಎಂದಳು ಇಶ್ಬೆಲ್. "ಬೈಕ್ ಅಂದ್ರೆ ಸಾಕು, ಉರಿದು ಬೀಳ್ತಾನಂತೆ. ಅವನಿಗೆ ಹೆದರಿ ಪಾಪ, ಗಾಡೀನ ನಮ್ಮ ಶೆಡ್ಡಲ್ಲಿ ಬಚ್ಚಿಟ್ಟಿರೋದು. ನಮ್ಮ ಗುಂಪಿಂದೇ ಮದುವೆ, ನಮಗೇ ಹಿಂದಿನ ಸಾಲು."

ಮೇಷ್ಟ್ರು ಚಹಾದ ಲೋಟವನ್ನು ಕೆಳಗಿಟ್ಟರು. ಅಂದರೆ ಆ ಸಾಧುಮುಖದ ಅಳಿಯ ಲಾಕ್ಲನ್, ಚರ್ಚಿನಲ್ಲಿ ಆರ್ಗನ್ ನುಡಿಸುವವನು, ಬೈಕಿನವನು!

"ದೂರದ ಸಂಬಂಧ," ಎಂದರು ತೊದಲುತ್ತ. "ಅಷ್ಟೇನೂ ಗೊತ್ತಿಲ್ಲ."

ಗಾಳಿಗೆ ಹಾರದಂತೆ ಇಶ್ಬೆಲ್ ಕಿಲ್ಟಿನ ಅಂಚಿಗೆ ಪಿನ್ನು ಚುಚ್ಚಿದಳು. ಮೇಷ್ಟ್ರು ಬೈಕಿನ ಹಿಂದಿನ ಸೀಟಿನಲ್ಲಿ ಗ್ರೆಗರ್‌ನ ಬೆನ್ನಿಗೆ ಆತು ಕೂತರು. ಮೊದಲ ತಿರುವಿನಲ್ಲೇ ಪಿನ್ನುಗಳು ಹಾರಿಹೋದವು. ಕಿಲ್ಟು ಗಾಳಿಗೆ ತಿರುಗಿದ ಛತ್ರಿಯಂತಾಯಿತು. ಎದುರಿಗೆ ಬಂದ ಪ್ರವಾಸಿಗರ ಬಸ್ಸು ನಿಧಾನವಾಯಿತು. ಒಂದೊಂದು ಕಿಟಕಿಯಲ್ಲೂ ಒಂದೊಂದು ಕ್ಯಾಮೆರಾ. ಗ್ರೆಗರ್ ಬೈಕು ಪಕ್ಕಕ್ಕೆ ನಿಲ್ಲಿಸಿ, ತನ್ನ ಜಾಕೆಟ್ಟು ಬಿಚ್ಚಿ ಮೇಷ್ಟ್ರ ಮಡಿಲಿಗೆ ಕಟ್ಟಿದ. ಬರೀ ಅಂಗಿಯಲ್ಲಿ, ಆ ಚಳಿಯಲ್ಲಿ, ಉಳಿದ ಘಾಟಿಯನ್ನು ದಾಟಿಸಿದ.

ಆ ಅಗಲವಾದ ಬೆನ್ನು ನಡುಗುತ್ತಿರುವುದು ಮೇಷ್ಟ್ರಿಗೆ ತಿಳಿಯುತ್ತಿತ್ತು. ಕಿಲ್ಟು ಉಟ್ಟವನನ್ನು ಲೋಕ ಕೋಡಂಗಿ ಎನ್ನುತ್ತದೆಂದು ಬೆಳಿಗ್ಗೆಯಿಂದ ತಾವು ಕುದಿದದ್ದು ನೆನಪಾಯಿತು. ಈ ಜಾಕೆಟ್ಟು ತೊಟ್ಟವರನ್ನು ತಾವು ಇಷ್ಟು ವರ್ಷ ಏನೇನು ಅಂದಿದ್ದರೋ, ಅದೂ ನೆನಪಾಯಿತು. ಹೆದರಿ ಹೆದರಿ ಗಾಡಿ ಬಚ್ಚಿಟ್ಟ ಆ ಹುಡುಗನ ಮೇಲೆ ಕನಿಕರ ಹುಟ್ಟಿತು. ಬೆಟ್ಟ ಇಳಿಯುವಷ್ಟರಲ್ಲಿ ಅವರು ಒಂದು ತೀರ್ಮಾನಕ್ಕೆ ಬಂದಿದ್ದರು.

ಚರ್ಚಿನ ಮುಂದೆ ನೆಂಟರೆಲ್ಲ ಕಾಯುತ್ತಿದ್ದರು. ಬೈಕಿನಿಂದ ಇಳಿದ ಮೇಷ್ಟ್ರನ್ನು ಎದುರುಗೊಂಡ ಪಾದ್ರಿಗಳು ನಗುತ್ತ, ಒಳಗೇನು ಹಾಕಿದ್ದೀರಿ ಎಂದರು. ಮೇಷ್ಟ್ರು ಅವರನ್ನು ಪಕ್ಕಕ್ಕೆ ಸರಿಸಿ ನೇರ ಅಳಿಯನ ಮುಂದೆ ಹೋಗಿ ನಿಂತರು. ಲಾಕ್ಲನ್‌ನ ಮುಖ ಬಿಳಿಚಿಕೊಂಡಿತು.

"ಬೈಕಿನ ವಿಷಯ ನಂಗೆ ಗೊತ್ತಾಯ್ತು," ಎಂದರು, ಪಾಠ ಮಾಡುವ ದನಿಯಲ್ಲಿ, ಎಲ್ಲರಿಗೂ ಕೇಳಿಸುವಂತೆ. "ಬಚ್ಚಿಡೋ ಹಾಗೆ ಮಾಡಿದ್ದು ನನ್ನ ತಪ್ಪು. ಈ ಜನರ ಬಗ್ಗೆ ನಾನು ತಿಳ್ಕೊಂಡಿದ್ದೆಲ್ಲ ತಪ್ಪು. ಅವರು ಮುಂದಿನ ಸಾಲಲ್ಲೇ ಕೂತ್ಕೊಳ್ಳಲಿ. ಮದುವೆ ಆದ್ಮೇಲೆ ನೀವಿಬ್ಬರೂ ಬೈಕಲ್ಲೇ ಹೋಗಿ. ಇದು ನನ್ನ ಮಾತು."

ಬೈಕಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೂರದ ಸಂಬಂಧ ಯಾರೆಂದು ಈಗ ಹೊಳೆದು ಇಶ್ಬೆಲ್ ಬಾಯಿಗೆ ಕೈ ಅಡ್ಡ ಹಿಡಿದಳು. ಲಾಕ್ಲನ್ ಮಾತ್ರ ಇನ್ನಷ್ಟು ಬಿಳಿಚಿದ.

"ಮಾವ, ನಂಗೆ ಸೈಕಲ್ ಕೂಡ ಬರಲ್ಲ," ಎಂದ ಮೆಲ್ಲಗೆ. "ತಲೆ ಸುತ್ತುತ್ತೆ. ನಾನು ಕಣ್ಣು ಮುಚ್ಚಿ ಹಿಂದೆ ಕೂರೋದಷ್ಟೇ."

"ಮತ್ತೆ ಗಾಡಿ?"

"ನೀವು ತಡ ಆದ್ರಿ ಅಂತ ಗಾಬರಿಯಾಗಿ ಅದ್ರಲ್ಲೇ ನಿಮ್ಮನ್ನ ಹುಡುಕೋಕೆ ಹೋಗಿದಾಳೆ. ಕೆರೆ ಕಡೆ ರಸ್ತೆಯಲ್ಲಿ."

ಮಾತು ಮುಗಿಯುವ ಮೊದಲೇ ಬೀದಿಯ ಆ ತುದಿಯಲ್ಲಿ ಗುಡುಗಿನಂಥ ಸದ್ದು ಕೇಳಿತು. ಎಲ್ಲರ ಬೈಕಿಗಿಂತ ದೊಡ್ಡ ಬೈಕೊಂದು ವಾಲಿ ತಿರುಗಿ ಬಂದು ಚರ್ಚಿನ ಮುಂದೆ ನಿಂತಿತು. ಮೇಲೆ ಕೂತಿದ್ದವಳ ಬಿಳಿಯ ಲಂಗ ಮೊಣಕಾಲಿನವರೆಗೆ ಗಂಟು ಕಟ್ಟಿತ್ತು, ಮುಸುಕು ಹೆಲ್ಮೆಟ್ಟಿನೊಳಗೆ ತುರುಕಿತ್ತು, ಅಂಚಿಗೆಲ್ಲ ಎಣ್ಣೆ ಕಲೆ. ಹೆಲ್ಮೆಟ್ಟು ತೆಗೆದ ಐಲಿ ಅಪ್ಪನನ್ನು ಕಂಡು, ಹುಡುಕುತ್ತಿದ್ದವರು ಸಿಕ್ಕರೆಂದು ಒಂದು ಗಳಿಗೆ ಹಿಗ್ಗಿದಳು. ತಾನು ಎಲ್ಲಿ ಕೂತಿದ್ದೇನೆಂಬುದು ಆಮೇಲೆ ನೆನಪಾಯಿತು.

ಮೇಷ್ಟ್ರು ಬಾಯಿ ತೆರೆದರು. ಬೆಟ್ಟದ ತಿರುವುಗಳು, ಮಂಜು, ಲಾರಿಗಳು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅಳಿಯನಿಗೆ ಕೊಟ್ಟ ಮಾತನ್ನು ಮಗಳಿಂದ ಹಿಂದಕ್ಕೆ ಪಡೆಯುವ ದಾರಿಯೇನಾದರೂ ಇದೆಯೇ ಎಂದು ನೆಂಟರ ಮುಖಗಳನ್ನು ನೋಡಿದರು. ಊರೆಲ್ಲ ಕೇಳಿಸಿಕೊಂಡಿತ್ತು. ಗ್ರೆಗರ್ ಇನ್ನೂ ಚಳಿಗೆ ತೋಳು ಉಜ್ಜಿಕೊಳ್ಳುತ್ತಿದ್ದ.

ಅವರು ಬಾಯಿ ಮುಚ್ಚಿ, ಬಗ್ಗಿ, ಲಂಗದ ಗಂಟು ಬಿಚ್ಚಿ, ಮಗಳಿಗೆ ತೋಳು ಕೊಟ್ಟರು. ಅಳಿಯನ ಬದಲು ಇನ್ಯಾರೋ ಆರ್ಗನ್ ಶುರುಮಾಡಿದರು. ಚರ್ಚಿನೊಳಗೆ ಮದುಮಗನತ್ತ ಅರ್ಧ ದಾರಿ ನಡೆದ ಮೇಲೆ ಮೇಷ್ಟ್ರು ಪಿಸುಗುಟ್ಟಿದರು.

"ನಿಧಾನಕ್ಕೆ ಓಡಿಸ್ತೀಯಲ್ಲ, ಮಗಾ?"

ಐಲಿ ಅಪ್ಪನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇಲ್ಲಪ್ಪ," ಎಂದಳು.