ಮಜೀದ ಭಾಯಿಯ ಪರವಾಗಿ ಹಕ್ಕಿ ನೋಡಿದ್ದು

ಭೂಮಿಯ ಈ ತುದಿಯಿಂದ ಆ ತುದಿಗೆ ಹಾರುವ ಹಕ್ಕಿಯನ್ನು ಕಣ್ಣಾರೆ ನೋಡದೆ ಬೀದರಿನ ನೆಲ ಮೆಟ್ಟುವುದಿಲ್ಲ ಎಂದು ಖತೀಜಾ ಭಾಭಿಯ ಎದುರು ನಾನು ಶಪಥ ಮಾಡಿದೆ. ಪಕ್ಕದಲ್ಲಿದ್ದ ಹೆಂಡತಿ ಆಮ್ರಪಾಲಿ, “ಮೊದಲ ಅಂಗಳದಾಗಿನ ಗುಬ್ಬಿ ಗುರ್ತ ಹಿಡೀರಿ” ಎಂದಳು. ನನ್ನ ಮಹಾ ಸಂಕಲ್ಪಗಳ ಮೇಲೆ ತಣ್ಣೀರು ಎರಚುವುದು ಅವಳ ಹಳೆಯ ಕಸುಬು.

ಭಾಭಿಯ ಗಂಡ ಅಬ್ದುಲ ಮಜೀದ ನನ್ನ ಜೀವದ ಗೆಳೆಯರು. ಅವರು ಲೆಕ್ಕದ ಮಾಸ್ತರು, ನಾನು ಸಂಘಪಾಲ, ಸರ್ವೆ ಆಫೀಸಿನವನು. ಇಪ್ಪತ್ತೆರಡು ವರ್ಷ, ಪ್ರತಿ ಐತ್ವಾರ, ಒಂದೇ ದುರ್ಬೀನು ಹಿಡಿದು ಇಬ್ಬರೂ ಭಾಲ್ಕಿ ಕಡೆಯ ಕಾರಂಜಾ ಹಿನ್ನೀರಿಗೆ ಹಕ್ಕಿ ನೋಡಲು ಹೋಗುತ್ತಿದ್ದೆವು. ಅವರಿಗೊಂದು ಆಸೆಯಿತ್ತು. ಉತ್ತರ ಧ್ರುವದ ಕಡೆಯಿಂದ ದಕ್ಷಿಣ ಧ್ರುವದವರೆಗೆ ಹಾರಿ ಹೋಗಿ ಬರುವ ರೀವ ಎಂಬ ಕಡಲ ಹಕ್ಕಿಯೊಂದು ಬೇಸಿಗೆಯಲ್ಲಿ ಇಂಗ್ಲೆಂಡಿನ ಕಡಲ ದಂಡೆಯಲ್ಲಿ ಮೊಟ್ಟೆ ಇಡುತ್ತದೆ. ಅದನ್ನು ನೋಡಬೇಕು. “ಒಂದ ಹಿಡಿ ತೂಕಿನ ಹಕ್ಕಿರಿ ಅದು. ಭೂಮಿಯ ಎರಡೂ ತುದಿ ನೋಡ್ತದ. ನಾವು ಹುಮನಾಬಾದ ದಾಟವಲ್ಲೆವು” ಎನ್ನುತ್ತಿದ್ದರು.

ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ಅವರ ತಂಗಿಯ ಮಗಳು ರುಖ್ಸಾರ, ಜೂನ್ ತಿಂಗಳಲ್ಲಿ ಒಂದು ವಾರಕ್ಕೆ ಕಡಲ ದಂಡೆಯ ಪುಟ್ಟ ಮನೆಯೊಂದನ್ನು ಗೊತ್ತುಮಾಡಿದಳು. ಎರಡೂ ಮನೆಯ ಗಂಡ ಹೆಂಡಿರ ವೀಸಾ ಬಂತು. ಜನವರಿಯ ಒಂದು ಮುಂಜಾನೆ ಮಜೀದ ಭಾಯಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಗಂಡ ತೀರಿದ ಹೆಣ್ಣು ಮನೆಯಲ್ಲೇ ಕಳೆಯುವ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿದ ಮೇಲೆ ಭಾಭಿ ನಮ್ಮನ್ನು ಕರೆಸಿದರು. ಮಜೀದ ಭಾಯಿಯ ಹಕ್ಕಿ ಪಟ್ಟಿಯ ನೋಟ್‌ಬುಕ್ಕು, ದುರ್ಬೀನು ಎರಡನ್ನೂ ನನ್ನ ಕೈಗಿಟ್ಟರು. “ನನಗ ಮನಸಿಲ್ಲ. ನೀವಿಬ್ಬರೂ ಹೋಗಿ ಬರ್ರಿ ಭಾಯಿ. ಅವರ ಕಡಿಂದ ಆ ಹಕ್ಕಿ ನೋಡಿ ಬಂದು ಹೇಳ್ರಿ. ನಾ ಇದರಾಗ ಬರೀತೇನಿ.” ಶಪಥ ಹೊರಬಿದ್ದದ್ದು ಆಗಲೇ.

ಈಗ ಓದುಗರಿಗೆ ಒಂದು ಗುಟ್ಟು. ನನಗೆ ಹಕ್ಕಿ ಗೊತ್ತಿಲ್ಲ. ದುರ್ಬೀನಿನಲ್ಲಿ ಕಣ್ಣಿಟ್ಟರೆ ನನಗೆ ಕಾಣುವುದು ಒಂದು ಗುಂಡನೆಯ ಆಕಾಶ ಮಾತ್ರ. ಮೊದಲ ಐತ್ವಾರ ಮಜೀದ ಭಾಯಿ “ಕಂಡಿತೇನ್ರಿ?” ಎಂದಾಗ ಮರ್ಯಾದೆಗೆ “ಕಂಡಿತ್ರಿ” ಎಂದೆ. ಎರಡನೇ ಐತ್ವಾರ ನಾಚಿಕೆಗೆ ಎಂದೆ. ಆಮೇಲೆ ಇಪ್ಪತ್ತೆರಡು ವರ್ಷ ನನಗೆ ಎಲ್ಲ ಹಕ್ಕಿಗಳೂ ಕಂಡವು!

ಇಂಗ್ಲೆಂಡಿನಲ್ಲಿ ಇಳಿದೆವು. ರುಖ್ಸಾರ ನಮ್ಮನ್ನು ಆ ಮನೆಯಲ್ಲಿ ಬಿಟ್ಟು ಡ್ಯೂಟಿಗೆ ಹೋದಳು. ನಾಲ್ಕು ದಿನ ಮಂಜು, ಜಿಟಿಜಿಟಿ ಮಳೆ. ನಾನು ಕಿಟಕಿಯಲ್ಲಿ ದುರ್ಬೀನು ಹಿಡಿದು ನಿಂತೆ.

“ಅಗೋ, ರೀವ ಬಂತು” ಎಂದೆ.

“ಅದು ಪ್ಲಾಸ್ಟಿಕ್ ಚೀಲರಿ” ಎಂದಳು ಆಮ್ರಪಾಲಿ.

ಆ ಮನೆಯ ಮೇಜಿನ ಮೇಲೆ ಒಂದು ದಪ್ಪ ರಿಜಿಸ್ಟರು. ಬಂದವರು ತಾವು ಕಂಡ ಹಕ್ಕಿಗಳ ಹೆಸರು ಬರೆದು ಹೋಗಬೇಕು. ನಮಗಿಂತ ಮೊದಲಿನವರು ಮೂವತ್ತೊಂದು ಜಾತಿ ಬರೆದಿದ್ದರು. ಮನೆಯ ಒಡತಿ ದಿನಾ ಬಂದು, ನಮ್ಮ ಖಾಲಿ ಪುಟ ನೋಡಿ, ಅಯ್ಯೋ ಪಾಪ ಎಂಬಂತೆ ನಗುತ್ತಿದ್ದಳು. ಐದನೇ ದಿನ ನನ್ನ ಅಭಿಮಾನ ಕೆರಳಿತು. ಮಜೀದ ಭಾಯಿಯ ನೋಟ್‌ಬುಕ್ಕು ತೆರೆದು, ಕಾರಂಜಾದ ಒಂದು ಐತ್ವಾರದ ಪಟ್ಟಿಯನ್ನು, ಅವರು ಬರೆದಿಟ್ಟ ಇಂಗ್ಲಿಷ್ ಹೆಸರುಗಳಲ್ಲೇ, ಹಾಗೇ ಇಳಿಸಿದೆ. ನೀಲಿಬಾಲದ ಕಳ್ಳಿಪೀರ, ಕೆಮ್ಮೀಸೆ ಪಿಕಳಾರ, ಬೂದು ಮಂಗಟ್ಟೆ. ಕೆಳಗೆ ಸಹಿ, ಊರು, ‘ಇಪ್ಪತ್ತೆರಡು ವರ್ಷದ ಅನುಭವ’.

ಒಡತಿ ಆ ಪುಟದ ಫೋಟೋ ತೆಗೆದು ತನ್ನ ಹಕ್ಕಿ ಬಳಗಕ್ಕೆ ಕಳಿಸಿದಳು. ಆ ದೇಶ ಹುಟ್ಟಿದಾಗಿನಿಂದ ಅಲ್ಲಿ ಯಾರೂ ಕಾಣದ ಹಕ್ಕಿಗಳು ನಮ್ಮ ಬೇಲಿಯ ಮೇಲೆ ಕೂತಿವೆ ಎಂದರೆ ಅವರು ಸುಮ್ಮನಿರುತ್ತಾರೆಯೇ? ಬೆಳಗಾಗುವಷ್ಟರಲ್ಲಿ ಹತ್ತೊಂಬತ್ತು ಜನ, ಹತ್ತೊಂಬತ್ತು ಮೂರುಕಾಲಿನ ದುರ್ಬೀನು. ಎಲ್ಲ ತಾಲೂಕಿನ ಸರ್ವೆಯರುಗಳು ಒಂದೇ ಹೊಲ ಅಳೆಯಲು ಬಂದ ಹಾಗಿತ್ತು.

“ಎಲ್ಲಿ ಕೂತಿದ್ದವು?” ಎಂದು ಕೋಲೂರಿಕೊಂಡಿದ್ದ ಒಬ್ಬ ಮುದುಕರು ಕೇಳಿದರು. ನಾನು ಒಂದು ಕಂಬ ತೋರಿಸಿದೆ. ಹತ್ತೊಂಬತ್ತು ದುರ್ಬೀನುಗಳೂ ಆ ಕಡೆ ತಿರುಗಿದವು. ಮಳೆ ಬಿದ್ದರೂ ಯಾರೂ ಅಲುಗಲಿಲ್ಲ. ಒಂದು ತಾಸು ಹೋಯಿತು.

ಆಮ್ರಪಾಲಿ ಒಳಗಿಂದ ಬಂದು ಕಿವಿಯಲ್ಲಿ ಹೇಳಿದಳು. “ಆ ಅಜ್ಜ ಚಳಿಗೆ ನಡಗ್ಲಿಕ್ಕತ್ತಾರ. ನಿಮ್ಮ ಸುಳ್ಳಿನ ಸಲುವಾಗಿ ಅವರ ಜೀವ ಹೋಗೂದು ಬ್ಯಾಡ. ಹೇಳಿಬಿಡ್ರಿ.”

ಹೇಳಿಬಿಟ್ಟೆ. ಪಟ್ಟಿ ಇಲ್ಲಿಯದಲ್ಲ, ನನ್ನ ಗೆಳೆಯರದು, ಅವರು ತೀರಿಕೊಂಡರು, ನನಗೆ ಯಾವ ಹಕ್ಕಿಯೂ ಗೊತ್ತಿಲ್ಲ. ಇಪ್ಪತ್ತೆರಡು ವರ್ಷ ಹೊತ್ತಿದ್ದ ಸುಳ್ಳನ್ನು ಪರದೇಶದ ಮಳೆಯಲ್ಲಿ, ನನ್ನ ಮುರುಕು ಇಂಗ್ಲಿಷಿನಲ್ಲಿ, ಗುರುತಿಲ್ಲದವರ ಮುಂದೆ ಇಳಿಸಿದೆ. ಕೆಲವರು ಬೈದರು, ಕೆಲವರು ಕಾರು ಹತ್ತಿದರು. ಮುದುಕರು ಮಾತ್ರ ನಿಂತರು.

“ನಿಮ್ಮ ಗೆಳೆಯರಿಗೆ ಯಾವುದನ್ನು ನೋಡಬೇಕಿತ್ತು?”

ಹೇಳಿದೆ. ಅವರು ನಮ್ಮಿಬ್ಬರನ್ನೂ ಮರಳ ದಂಡೆಯಲ್ಲಿ ಎರಡು ಮೈಲಿ ನಡೆಸಿದರು. ಒಂದು ಹಗ್ಗದ ಬೇಲಿ ಬಂತು. ಆಚೆ ನೂರಾರು ಬಿಳಿ ಹಕ್ಕಿಗಳ ಚೀರಾಟ. ನಾನು ಠೀವಿಯಿಂದ ದುರ್ಬೀನು ಎತ್ತಿ ದೂರದ ಸಮುದ್ರದಲ್ಲಿ ರೀವ ಹುಡುಕತೊಡಗಿದೆ. ನೆತ್ತಿಯ ಮೇಲೆ ಯಾರೋ ಮೊಳೆ ಹೊಡೆದಂತಾಯಿತು.

“ಅಲ್ಲಿ ಎಲ್ಲಿ ಹುಡುಕ್ತೀರಿ? ನಿಮ್ಮ ಬೋಳ ತಲಿ ಮ್ಯಾಲ ಕುಂತದ” ಎಂದಳು ಆಮ್ರಪಾಲಿ.

ಮೊಟ್ಟೆಯ ಹತ್ತಿರ ಯಾರು ಹೋದರೂ ರೀವ ಕುಕ್ಕುತ್ತದಂತೆ. ಮುದುಕರು ನನ್ನ ತಲೆಯ ರಕ್ತ ಒರೆಸಿ, ತಮ್ಮ ದೊಡ್ಡ ದುರ್ಬೀನನ್ನು ನನ್ನ ಕಣ್ಣಿಗೆ ಸರಿಯಾಗಿ ಹೊಂದಿಸಿಕೊಟ್ಟರು. ಆಗ ಕಂಡಿತು. ಕೆಂಪು ಕೊಕ್ಕು, ಕರಿ ಟೋಪಿ, ಎದೆಯ ಕೆಳಗೆ ಒಂದು ಮೊಟ್ಟೆ. ಜೀವನದಲ್ಲಿ ಮೊದಲ ಸಲ ನನಗೆ ದುರ್ಬೀನಿನಲ್ಲಿ ಹಕ್ಕಿ ಕಂಡಿತು. “ಕಂಡಿತ್ರಿ” ಎಂದು ಪಕ್ಕಕ್ಕೆ ತಿರುಗಿದೆ. ಮಜೀದ ಭಾಯಿ ಇರಲಿಲ್ಲ. ಅಲ್ಲಿಯೇ ಮರಳಿನ ಮೇಲೆ ಕೂತು ಅತ್ತೆ. ಜನವರಿಯಿಂದ ಅಳು ಬಂದಿರಲಿಲ್ಲ.

ಬೀದರಿಗೆ ಬಂದವನೇ ಭಾಭಿಯ ಮನೆಗೆ ಹೋದೆ. ಹಕ್ಕಿಯ ಕತೆ ಹೇಳಿದೆ, ಅವರು ಬರೆದುಕೊಂಡರು. ಆಮೇಲೆ ಕೈಮುಗಿದು ಉಳಿದದ್ದನ್ನೂ ಹೇಳಿದೆ. “ಭಾಭಿ, ಇಪ್ಪತ್ತೆರಡ ವರ್ಷ ಅವರಿಗೆ ಸುಳ್ಳ ಹೇಳೇನಿ. ನನಗ ಒಂದೂ ಕಂಡಿಲ್ಲ.”

ಭಾಭಿ ನನ್ನನ್ನೇ ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ನಗುತ್ತಲೇ ಕಣ್ಣು ಒರೆಸಿಕೊಂಡರು.

“ಅವರಿಗೆ ಮೊದಲನೇ ಐತ್ವಾರನ ಗೊತ್ತಾಗಿತ್ತು ಭಾಯಿ. ಮನಿಗೆ ಬಂದು, ‘ಇವತ್ತ ಖಾಲಿ ಜಾಲಿ ಗಿಡ ತೋರ್ಸಿದೆ, ಅದರಾಗೂ ಸಂಘಪಾಲಗ ಹಕ್ಕಿ ಕಂಡಿತು’ ಅಂತ ನಕ್ಕಿದ್ರು.”

“ಮತ್ತ ಇಷ್ಟ ವರ್ಷ ನನ್ನ ಯಾಕ ಕರ್ಕೊಂಡ ಹೋದ್ರು?”

“ನಾನೂ ಕೇಳಿದ್ದೆ. ‘ಹಕ್ಕಿ ನೋಡಲಿಕ್ಕ ನಾ ಒಬ್ಬನ ಸಾಕು, ಖತೀಜಾ. ಕಂಡಿತು ಅನ್ನಲಿಕ್ಕ ಬಾಜೂಕ ಒಬ್ಬರು ಬೇಕಲ್ಲ’ ಅಂದ್ರು.”